ಕಳ್ಳಮದ್ಯ ಮಾರಿದವನ ಅಪೀಲು

ಎಡ್ ಟ್ಯೂಮಿ ಎಂಬಾತನ ಬಳಿ ಮದ್ಯ ಇತ್ತು ಎಂಬುದು ಆರೋಪ. ಅಮೆರಿಕದಲ್ಲಿ ಪಾನನಿಷೇಧ ಜಾರಿಯಲ್ಲಿದ್ದ ಕಾಲವದು. ಒಹಾಯೊ ರಾಜ್ಯದಲ್ಲಿ ಮದ್ಯ ಮಾರುವುದಿರಲಿ, ಇಟ್ಟುಕೊಂಡರೂ ಅಪರಾಧವಾಗುತ್ತಿತ್ತು. ಅವನನ್ನು ಹಿಡಿದು ಹ್ಯಾಮಿಲ್ಟನ್ ಕೌಂಟಿಯ ನಾರ್ತ್ ಕಾಲೇಜ್ ಹಿಲ್ ಎಂಬ ಹಳ್ಳಿಯ ಮೇಯರ್ ಮುಂದೆ ನಿಲ್ಲಿಸಿದರು. ಇಂಥ ಮೊಕದ್ದಮೆಗಳಿಗೆ ಅಲ್ಲಿ ಮೇಯರೇ ನ್ಯಾಯಾಧೀಶ. ಮೊದಲ ತಪ್ಪಿಗೆ ದಂಡ ಮಾತ್ರ ಇದ್ದುದರಿಂದ ಜ್ಯೂರಿಯ ಪ್ರಶ್ನೆಯೇ ಬರಲಿಲ್ಲ. ವಿಚಾರಣೆ ಶುರುವಾಗುವ ಮೊದಲೇ ಟ್ಯೂಮಿ ಒಂದು ತಕರಾರು ತೆಗೆದ: ಈ ಮೇಯರ್ ನನ್ನ ವಿಚಾರಣೆ ನಡೆಸಲು ಅರ್ಹರಲ್ಲ. ಮೇಯರ್ ತಕರಾರನ್ನು ತಳ್ಳಿಹಾಕಿದರು. ಟ್ಯೂಮಿ ತಪ್ಪಿತಸ್ಥ ಎಂದು ತೀರ್ಮಾನಿಸಿ 100 ಡಾಲರ್ ದಂಡ ಹಾಕಿದರು. ದಂಡವನ್ನೂ ಖರ್ಚನ್ನೂ ಕಟ್ಟುವ ತನಕ ಜೈಲು ಎಂದರು. ಆ ಖರ್ಚಿನ ಬಾಬ್ತಿನಲ್ಲಿ 12 ಡಾಲರ್ ಮೇಯರ್ ಅವರ ಜೇಬಿಗೇ ಹೋಗುವಂಥದ್ದು. ಟ್ಯೂಮಿ ನಿರಪರಾಧಿ ಎಂದು ತೀರ್ಪು ಕೊಟ್ಟಿದ್ದರೆ ಆ 12 ಡಾಲರ್ ಸಿಗುತ್ತಿರಲಿಲ್ಲ. ಆರೋಪಿ ಶಿಕ್ಷೆಗೆ ಗುರಿಯಾದರೆ ಮಾತ್ರ ನ್ಯಾಯಾಧೀಶನಿಗೆ ಶುಲ್ಕ ಎಂಬುದು ಅಲ್ಲಿನ ಕಟ್ಟಳೆ.

ಇದು ಒಬ್ಬ ದುರಾಸೆಯ ಮೇಯರ್‌ನ ಕತೆಯಾಗಿದ್ದರೆ ಇಷ್ಟು ಹೊತ್ತಿಗೆ ಎಲ್ಲರೂ ಮರೆತಿರುತ್ತಿದ್ದರು. ಇಡೀ ಏರ್ಪಾಡು ಕಾನೂನಿನ ಚೌಕಟ್ಟಿನೊಳಗೇ ಇತ್ತು ಎಂಬುದೇ ವಿಶೇಷ. ದಂಡದ ಹಣದಲ್ಲಿ ಅರ್ಧ ರಾಜ್ಯಕ್ಕೆ, ಉಳಿದರ್ಧ ಹಳ್ಳಿಗೆ. ಹಳ್ಳಿಯ ಪಾಲಿನಿಂದ ಪತ್ತೇದಾರರಿಗೆ, ಸರ್ಕಾರಿ ವಕೀಲನಿಗೆ ಹಂಚಿಕೆ. ಮೇಯರ್‌ನ ಅಧಿಕಾರ ವ್ಯಾಪ್ತಿ ಹಳ್ಳಿಯ ಗಡಿಗೆ ನಿಲ್ಲದೆ ಇಡೀ ಕೌಂಟಿಗೆ ಹಬ್ಬಿತ್ತು. ಹಾಗಾಗಿ ಪತ್ತೇದಾರರು ಬೇಕೆಂದಲ್ಲಿ ಹೋಗಿ ಆರೋಪಿಗಳನ್ನು ಹಿಡಿದು ತರಬಹುದಿತ್ತು. 1923ರ ಮೇ 11ರಿಂದ ಡಿಸೆಂಬರ್ 31ರ ತನಕ, ಎಂಟು ತಿಂಗಳೂ ತುಂಬದ ಅವಧಿಯಲ್ಲಿ, ಈ ಪುಟ್ಟ ಹಳ್ಳಿಯ ‘ಮದ್ಯದ ಕೋರ್ಟು’ ವಸೂಲು ಮಾಡಿದ ದಂಡ 20,000 ಡಾಲರ್‌ಗೂ ಹೆಚ್ಚು. ರಾಜ್ಯಕ್ಕೆ 8,992 ಡಾಲರ್ 50 ಸೆಂಟ್, ಹಳ್ಳಿಯ ಸಾಮಾನ್ಯ ಖರ್ಚಿಗೆ 4,471 ಡಾಲರ್ 25 ಸೆಂಟ್, ಮೊಕದ್ದಮೆ ನಡೆಸಿದ ವಕೀಲನಿಗೆ 1,796 ಡಾಲರ್ 50 ಸೆಂಟ್ ಸಂದವು. ಸಂಬಳದ ಮೇಲೆ ಮೇಯರ್‌ಗೆ ದಕ್ಕಿದ್ದು 696 ಡಾಲರ್ 35 ಸೆಂಟ್. ಹಿಡಿಯುವವನು, ವಾದಿಸುವವನು, ತೀರ್ಪು ಕೊಡುವವನು, ಮೂವರ ಲೆಕ್ಕವೂ ಒಂದೇ ಥೈಲಿಯಿಂದ ಚುಕ್ತಾ ಆಗುತ್ತಿತ್ತು.

ಟ್ಯೂಮಿಯ ಅಪೀಲು ಒಂದೊಂದೇ ಮೆಟ್ಟಿಲು ಹತ್ತಿತು. ಕೌಂಟಿಯ ಕೋರ್ಟು ಶಿಕ್ಷೆಯನ್ನು ರದ್ದು ಮಾಡಿತು. ರಾಜ್ಯದ ಅಪೀಲು ನ್ಯಾಯಾಲಯ ಅದನ್ನು ಮತ್ತೆ ಎತ್ತಿಹಿಡಿಯಿತು. ರಾಜ್ಯದ ಅತ್ಯುನ್ನತ ನ್ಯಾಯಾಲಯ ಕೈಯಾಡಿಸಲು ಒಪ್ಪಲಿಲ್ಲ. ಕಡೆಗೆ ಪ್ರಕರಣ ವಾಷಿಂಗ್ಟನ್ನಿನ ಸುಪ್ರೀಂ ಕೋರ್ಟಿಗೆ ಬಂತು. ಅಲ್ಲಿ ಒಹಾಯೊ ಸರ್ಕಾರ ಇಟ್ಟ ಕೊನೆಯ ವಾದವೇ ನಮಗೆ ಇಲ್ಲಿ ಮುಖ್ಯ. ಸಾಕ್ಷ್ಯ ಸ್ಪಷ್ಟವಾಗಿದೆ, ಈತ ತಪ್ಪು ಮಾಡಿದ್ದಾನೆ, ಹಾಕಿರುವುದು ಕಾನೂನಿನಲ್ಲಿರುವ ಕನಿಷ್ಠ ದಂಡ, ಯಾವ ನ್ಯಾಯಾಧೀಶ ಕೂತಿದ್ದರೂ ಇಷ್ಟೇ ಆಗುತ್ತಿತ್ತು, ಹಾಗಿದ್ದ ಮೇಲೆ ಅನ್ಯಾಯ ಎಲ್ಲಾಯಿತು? ಎಂದು ಸರ್ಕಾರ ಕೇಳಿತು. ಮೇಲ್ನೋಟಕ್ಕೆ ಒಪ್ಪುವಂಥ ಮಾತೇ. 1927ರ ಮಾರ್ಚ್‌ನಲ್ಲಿ ಮುಖ್ಯ ನ್ಯಾಯಮೂರ್ತಿ ವಿಲಿಯಂ ಹೊವಾರ್ಡ್ ಟಾಫ್ಟ್ ಇಡೀ ಪೀಠದ ಪರವಾಗಿ ಕೊಟ್ಟ ಉತ್ತರದ ಸಾರ ಇಷ್ಟು: ಇವನ ವಿರುದ್ಧ ಸಾಕ್ಷ್ಯ ಎಂಥದ್ದೇ ಇರಲಿ, ನಿಷ್ಪಕ್ಷಪಾತಿ ನ್ಯಾಯಾಧೀಶನ ಮುಂದೆ ವಿಚಾರಣೆಗೊಳಗಾಗುವ ಹಕ್ಕು ಇವನಿಗಿತ್ತು. ಶಿಕ್ಷೆ ರದ್ದಾಯಿತು. ಟಾಫ್ಟ್ ಇದೇ ಹ್ಯಾಮಿಲ್ಟನ್ ಕೌಂಟಿಯ ಸಿನ್ಸಿನಾಟಿಯವರು, ದೇಶದ ಅಧ್ಯಕ್ಷರಾಗಿದ್ದವರು. ಮದ್ಯದ ಮಾರಾಟಗಾರರ ಬಗ್ಗೆ ಅವರಿಗೆ ಮೃದು ಧೋರಣೆಯಂತೂ ಇರಲಿಲ್ಲ. ಅದು ಮುಂದೆ ಹೇಳುವ ಇನ್ನೊಂದು ತೀರ್ಪಿನಿಂದ ಗೊತ್ತಾಗುತ್ತದೆ.

ಅಪೀಲು ಎಂದ ಕೂಡಲೇ ‘ಮಾರಿದನೋ ಇಲ್ಲವೋ’ ಎಂಬುದನ್ನೇ ಮೇಲಿನ ಕೋರ್ಟು ಮತ್ತೊಮ್ಮೆ ನೋಡುತ್ತದೆ ಎಂದು ನಾವು ಭಾವಿಸುತ್ತೇವೆ. ಕಳ್ಳಮದ್ಯದ ಪ್ರಕರಣಗಳಲ್ಲಿ ಎಷ್ಟೋ ಸಲ ಆ ಪ್ರಶ್ನೆಗೆ ಉತ್ತರ ಎಲ್ಲರಿಗೂ ಗೊತ್ತಿರುತ್ತದೆ. ಮಾರಿದ್ದಾನೆ. ಊರಿಗೆ ಗೊತ್ತು, ಪೊಲೀಸರಿಗೆ ಗೊತ್ತು, ಅವನ ವಕೀಲನಿಗೂ ಗೊತ್ತು. ಆದರೂ ಇಂಥವನ ಅಪೀಲು ಬೇಕು. ನಿರಪರಾಧಿಯ ಅಪೀಲಿನಷ್ಟೇ ಬೇಕು ಎಂಬುದು ಈ ಲೇಖನದ ವಾದ. ಕಾರಣ ಇರುವುದು ಪಾನನಿಷೇಧ ಎಂಬ ಕಾನೂನಿನ ಗುಣದಲ್ಲೇ. ಕಳ್ಳತನವಾದರೆ ಕಳೆದುಕೊಂಡವನು ಠಾಣೆಗೆ ಬರುತ್ತಾನೆ. ಹೊಡೆದಾಟವಾದರೆ ಪೆಟ್ಟು ತಿಂದವನು ದೂರು ಕೊಡುತ್ತಾನೆ. ಮದ್ಯದ ವ್ಯಾಪಾರದಲ್ಲಿ ಕೊಟ್ಟವನಿಗೂ ತೃಪ್ತಿ, ಕೊಂಡವನಿಗೂ ತೃಪ್ತಿ. ದೂರುದಾರನೇ ಇಲ್ಲದ ಅಪರಾಧವನ್ನು ಹಿಡಿಯಬೇಕಾದರೆ ಸರ್ಕಾರವೇ ಆ ಜಾಗಕ್ಕೆ ಹೋಗಿ ನಿಲ್ಲಬೇಕಾಗುತ್ತದೆ: ಗಿರಾಕಿಯಂತೆ ನಟಿಸಬೇಕು, ಕದ್ದು ಕೇಳಬೇಕು, ಗಾಡಿ ನಿಲ್ಲಿಸಿ ಸೀಟು ಬಿಚ್ಚಬೇಕು. ಅಲ್ಲಿಗೆ ಪುರಾವೆ ತರುವವರೂ ಅದರಿಂದ ಹೆಸರು, ಬಡ್ತಿ, ಕೆಲವೊಮ್ಮೆ ಹಣ ಪಡೆಯುವವರೂ ಒಬ್ಬರೇ ಆಗುತ್ತಾರೆ. ಈ ವರ್ತುಲದ ಹೊರಗೆ ನಿಂತು ಕಡತ ತೆರೆದು ನೋಡುವ ಮೊದಲ ವ್ಯಕ್ತಿ ಹಲವು ಸಲ ಅಪೀಲು ನ್ಯಾಯಾಧೀಶನೇ.

ನಮ್ಮಲ್ಲಿ ಇದರ ದಾರಿ ಹೇಗಿದೆ ಎಂಬುದನ್ನು ಚಿಕ್ಕದಾಗಿ ಹೇಳಿಬಿಡಬಹುದು. ಪರವಾನಗಿ ಇಲ್ಲದೆ ಮದ್ಯ ಮಾರಿದ್ದಕ್ಕೆ ಮ್ಯಾಜಿಸ್ಟ್ರೇಟ್ ಶಿಕ್ಷೆ ಕೊಟ್ಟರೆ ಅಪೀಲು ಹೋಗುವುದು ಸೆಷನ್ಸ್ ಕೋರ್ಟಿಗೆ. ಅದಕ್ಕೆ ಗಡುವು 30 ದಿನ. ಹೈಕೋರ್ಟಿಗಾದರೆ 60 ದಿನ. ಗಡುವು ಮೀರಿದರೆ ತಡವಾದದ್ದಕ್ಕೆ ಕಾರಣ ಹೇಳಿ ಮನ್ನಾ ಕೇಳಬೇಕು. ಅಪೀಲಿನ ಜೊತೆಯಲ್ಲೇ ಶಿಕ್ಷೆಯನ್ನು ತಾತ್ಕಾಲಿಕವಾಗಿ ಅಮಾನತಿನಲ್ಲಿಡುವಂತೆ ಅರ್ಜಿ ಹಾಕುವುದು ವಾಡಿಕೆ. ಇಲ್ಲವಾದರೆ ಅಪೀಲು ವಿಚಾರಣೆಗೆ ಬರುವಷ್ಟರಲ್ಲಿ ಶಿಕ್ಷೆಯೇ ಮುಗಿದುಹೋಗಿರುತ್ತದೆ. ಅಮೆರಿಕದ ಅಪೀಲು ಕೋರ್ಟು ಮುಖ್ಯವಾಗಿ ಕಾನೂನಿನ ತಪ್ಪನ್ನು ನೋಡುತ್ತದೆ. ನಮ್ಮ ಸೆಷನ್ಸ್ ನ್ಯಾಯಾಧೀಶರು ಸಾಕ್ಷ್ಯವನ್ನೂ ಹೊಸದಾಗಿ ತೂಗಬಹುದು: ಮಹಜರಿನಲ್ಲಿ ಬರೆದ ಹೊತ್ತಿಗೂ ಸಾಕ್ಷಿ ಹೇಳಿದ ಹೊತ್ತಿಗೂ ತಾಳೆ ಇದೆಯೇ, ಜಪ್ತಿಯಾದ ಬಾಟಲಿಗೆ ಅರಗಿನ ಮೊಹರು ಹಾಕಿದ್ದು ಎಲ್ಲಿ, ಪ್ರಯೋಗಾಲಯಕ್ಕೆ ಹೋದ ಮಾದರಿ ಅದೇ ಬಾಟಲಿಯದೇ, ಪಂಚರು ನಿಜಕ್ಕೂ ಸ್ಥಳದಲ್ಲಿದ್ದರೇ ಅಥವಾ ಠಾಣೆಯಲ್ಲಿ ಕೂತು ಸಹಿ ಹಾಕಿದರೇ. ಅಪೀಲು ಹಾಕಿದರೆ ಶಿಕ್ಷೆ ಇನ್ನೂ ಜಾಸ್ತಿಯಾದೀತು ಎಂದು ಹೆದರುವವರಿದ್ದಾರೆ. ಆರೋಪಿ ತಾನೇ ಹಾಕಿದ ಅಪೀಲಿನಲ್ಲಿ ಶಿಕ್ಷೆಯನ್ನು ಏರಿಸುವಂತಿಲ್ಲ. ಏರಿಸಬೇಕೆಂದರೆ ಬೇರೆಯೇ ಪ್ರಕ್ರಿಯೆ ನಡೆಯಬೇಕು, ಅವನಿಗೆ ನೋಟಿಸು ಕೊಡಬೇಕು.

ಮದ್ಯ ಮಾರಿದ್ದು ನಿರ್ವಿವಾದವಾಗಿದ್ದ ಪ್ರಕರಣವೊಂದನ್ನು ಹತ್ತಿರದಿಂದ ನೋಡೋಣ. 1930ರ ಜುಲೈ 13, ಭಾನುವಾರ. ನಾರ್ತ್ ಕೆರೊಲಿನಾ ರಾಜ್ಯದ ಹೇವುಡ್ ಕೌಂಟಿಯಲ್ಲಿ ಸೊರೆಲ್ಸ್ ಎಂಬ ಕಾರ್ಖಾನೆ ನೌಕರನ ಮನೆಗೆ ನಾಲ್ವರು ಬಂದರು. ಮೂವರು ಅವನಿಗೆ ಪರಿಚಯದವರೇ. ನಾಲ್ಕನೆಯವನು ತಾನು ಊರು ನೋಡಲು ಬಂದ ಪ್ರವಾಸಿ ಎಂದು ಹೇಳಿಕೊಂಡ. ಅಸಲಿಗೆ ಅವನು ಪಾನನಿಷೇಧ ಇಲಾಖೆಯ ಏಜೆಂಟ್. ಒಂದು ಗಂಟೆಗೂ ಮೀರಿ ಹರಟೆ ನಡೆಯಿತು. ನಡುವೆ ಏಜೆಂಟ್ ‘ಸ್ವಲ್ಪ ಮದ್ಯ ಸಿಗುತ್ತದೆಯೇ’ ಎಂದು ಕೇಳಿದ. ಉಪಯೋಗವಾಗಲಿಲ್ಲ. ಮತ್ತೆ ಕೇಳಿದ. ಆಗಲೂ ಇಲ್ಲ. ಮಾತು ಮೊದಲ ಮಹಾಯುದ್ಧದ ಕಡೆ ಹೊರಳಿತು. ಸೊರೆಲ್ಸ್ 30ನೇ ಡಿವಿಷನ್ನಿನಲ್ಲಿ ಫ್ರಾನ್ಸಿನಲ್ಲಿ ಹೋರಾಡಿದವನು. ಏಜೆಂಟನೂ ಅದೇ ಡಿವಿಷನ್ನಿನವನು, ಅದು ಸುಳ್ಳೇನಲ್ಲ. ಹಳೆಯ ಸೈನಿಕರಿಬ್ಬರ ನೆನಪುಗಳು ಬಿಚ್ಚಿಕೊಂಡವು. ಆಮೇಲೆ ಏಜೆಂಟ್ ಮತ್ತೊಮ್ಮೆ ಕೇಳಿದಾಗ ಸೊರೆಲ್ಸ್ ಎದ್ದು ಹೋದ, ಸ್ವಲ್ಪ ಹೊತ್ತಿನಲ್ಲಿ ಅರ್ಧ ಗ್ಯಾಲನ್ನಿನ ಜಾಡಿಯೊಂದನ್ನು ತಂದ. ಏಜೆಂಟ್ 5 ಡಾಲರ್ ಕೊಟ್ಟ. ಅಪರಾಧ ಸಾಬೀತಾಯಿತು, 18 ತಿಂಗಳ ಸಜೆ ಬಿತ್ತು. ಅಲ್ಲಿದ್ದವರಲ್ಲಿ ಮದ್ಯದ ಸುದ್ದಿ ಎತ್ತಿದ್ದು ತಾನೊಬ್ಬನೇ ಎಂದು ಏಜೆಂಟನೇ ಕೋರ್ಟಿನಲ್ಲಿ ಒಪ್ಪಿಕೊಂಡ. ಆದರೂ ಈ ವಿಷಯವನ್ನು ಜ್ಯೂರಿಯ ಮುಂದಿಡಲು ಕೆಳಗಿನ ನ್ಯಾಯಾಧೀಶರು ನಿರಾಕರಿಸಿದ್ದರು.

1932ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟು ಈ ಶಿಕ್ಷೆಯನ್ನು ತಳ್ಳಿಹಾಕಿತು. ಮುಖ್ಯ ನ್ಯಾಯಮೂರ್ತಿ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರ ತರ್ಕ ಹೀಗೆ ಸಾಗುತ್ತದೆ: ಅಪರಾಧ ಮಾಡುವ ಮನಸ್ಸಿದ್ದವನಿಗೆ ಪೊಲೀಸರು ಅವಕಾಶ ಒಡ್ಡಿ ಹಿಡಿಯುವುದು ಬೇರೆ, ಆ ಮನಸ್ಸೇ ಇಲ್ಲದವನ ಬೆನ್ನುಬಿದ್ದು ಅಪರಾಧ ಮಾಡಿಸಿ ಶಿಕ್ಷೆಗೆ ಒಪ್ಪಿಸುವುದು ಬೇರೆ. ಎರಡನೆಯದನ್ನು ಶಾಸನ ಮಾಡಿದವರು ಉದ್ದೇಶಿಸಿರಲು ಸಾಧ್ಯವಿಲ್ಲ. ನ್ಯಾಯಮೂರ್ತಿ ಓವನ್ ರಾಬರ್ಟ್ಸ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಶಾಸಕರ ಉದ್ದೇಶದ ಮಾತು ಯಾಕೆ, ಇಂಥ ಮೊಕದ್ದಮೆಗೆ ತಾನು ಸಾಧನವಾಗದಿರುವುದು ಕೋರ್ಟಿನ ಸ್ವಂತ ಮರ್ಯಾದೆಯ ಪ್ರಶ್ನೆ ಎಂದು ಬರೆದರು. ನ್ಯಾಯಮೂರ್ತಿಗಳಾದ ಬ್ರಾಂಡೈಸ್, ಸ್ಟೋನ್ ಇಬ್ಬರೂ ರಾಬರ್ಟ್ಸ್ ಜೊತೆ ನಿಂತರು. ನನಗೆ ರಾಬರ್ಟ್ಸ್ ಅವರ ದಾರಿಯೇ ಹೆಚ್ಚು ಪ್ರಾಮಾಣಿಕ ಅನ್ನಿಸುತ್ತದೆ. ಹ್ಯೂಸ್ ಅವರ ದಾರಿಯಲ್ಲಿ ಆರೋಪಿಯ ಪೂರ್ವಚರಿತ್ರೆಯನ್ನೆಲ್ಲ ಕೆದಕಬೇಕಾಗುತ್ತದೆ. ಸೊರೆಲ್ಸ್ ಮೊದಲಿನಿಂದಲೂ ಕಳ್ಳಮದ್ಯದವನು ಎಂಬ ಹೆಸರಿದೆ ಎಂದು ಸರ್ಕಾರಿ ಪಕ್ಷದ ಸಾಕ್ಷಿಗಳು ಹೇಳಿಯೇ ಇದ್ದರು. ಊರಿನ ಮಾತು ಪುರಾವೆಯಾಗಲು ಇಷ್ಟು ಸಾಕು. ಒಂದು ಸ್ಪಷ್ಟನೆ ಇಲ್ಲಿ ಬೇಕು. ಸುಪ್ರೀಂ ಕೋರ್ಟು ಸೊರೆಲ್ಸ್‌ನನ್ನು ನಿರ್ದೋಷಿ ಎನ್ನಲಿಲ್ಲ. ಪ್ರಶ್ನೆಯನ್ನು ಜ್ಯೂರಿ ತೀರ್ಮಾನಿಸಲಿ ಎಂದು ವಾಪಸು ಕಳಿಸಿತು. ಗೆದ್ದ ಅಪೀಲುಗಳಲ್ಲಿ ಎಷ್ಟೋ ಹೀಗೆಯೇ. ಬಿಡುಗಡೆಯ ಬದಲು ಮರುವಿಚಾರಣೆ, ರದ್ದತಿಯ ಬದಲು ಕಡಿಮೆ ಶಿಕ್ಷೆ.

ನಮ್ಮ ಅಬಕಾರಿ ಪ್ರಕರಣಗಳಲ್ಲೂ ನಕಲಿ ಗಿರಾಕಿಯನ್ನು ಕಳಿಸಿ ಹಿಡಿಯುವ ಪದ್ಧತಿ ಹೊಸದಲ್ಲ. ಗುರುತು ಹಾಕಿದ ನೋಟು, ದೂರದಲ್ಲಿ ಕಾಯುವ ತಂಡ, ಸನ್ನೆ ಸಿಕ್ಕೊಡನೆ ದಾಳಿ. ಇದೆಲ್ಲ ಓದುಗರಿಗೆ ಗೊತ್ತಿರುವುದೇ. ಅಮೆರಿಕದ ಹಾಗೆ ಇದೊಂದೇ ಕಾರಣಕ್ಕೆ ಇಲ್ಲಿ ಆರೋಪಿ ಪಾರಾಗುವುದಿಲ್ಲ. ಆದರೆ ಅಂಥ ಗಿರಾಕಿ ದಾಳಿ ಗೆಲ್ಲಲೆಂದೇ ಬಂದವನು, ಅವನ ಮಾತನ್ನು ಬೇರೆ ಸಾಕ್ಷ್ಯದ ಬೆಂಬಲವಿಲ್ಲದೆ ಸುಲಭಕ್ಕೆ ನಂಬುವಂತಿಲ್ಲ ಎಂಬ ಎಚ್ಚರ ನಮ್ಮ ಕೋರ್ಟುಗಳಿಗೂ ಇದೆ. ಅಪೀಲಿನಲ್ಲಿ ವಕೀಲರು ಮೊದಲು ಕೈಯಿಡುವ ಜಾಗವೂ ಇದೇ.

ಈಗ ಆಕ್ಷೇಪಣೆಗಳಿಗೆ ಬರೋಣ. ಮೊದಲನೆಯದು ಗಟ್ಟಿಯಾಗಿದೆ. ಪಾನನಿಷೇಧದ ಅಪೀಲುಗಳಿಂದ ಪ್ರಜೆಯ ಹಕ್ಕು ಬೆಳೆಯಿತು ಎನ್ನುವವರು ಸೋತ ಅಪೀಲುಗಳನ್ನು ಮುಚ್ಚಿಡುತ್ತಾರೆ ಎಂಬುದು ಆ ಆಕ್ಷೇಪ. ನಿಜವೇ. 1925ರಲ್ಲಿ ಮಿಷಿಗನ್ನಿನ ಹೆದ್ದಾರಿಯಲ್ಲಿ ಕ್ಯಾರೊಲ್ ಎಂಬವನ ಕಾರನ್ನು ತಡೆದು, ಸೀಟಿನ ಹೊದಿಕೆ ಹರಿದು, 68 ಬಾಟಲಿ ಮದ್ಯ ಹೊರತೆಗೆದದ್ದನ್ನು ವಾರಂಟ್ ಇಲ್ಲದೆಯೂ ಸರಿ ಎಂದು ಕೋರ್ಟು ಒಪ್ಪಿತು. ಇಂದಿಗೂ ಅಮೆರಿಕದ ಪೊಲೀಸರು ವಾಹನ ಶೋಧಿಸುವುದು ಆ ತೀರ್ಪಿನ ಬಲದ ಮೇಲೆ. ಇನ್ನೂ ದೊಡ್ಡ ಸೋಲು ರಾಯ್ ಓಮ್‌ಸ್ಟೆಡ್‌ನದು. ಸಿಯಾಟಲ್ ನಗರದ ಪೊಲೀಸ್ ಲೆಫ್ಟಿನೆಂಟ್ ಆಗಿದ್ದ ಈತ ಕೆನಡಾದಿಂದ ಹಡಗಿನಲ್ಲಿ ಮದ್ಯ ತರಿಸುವ ಜಾಲ ಕಟ್ಟಿದ. ಕೈಕೆಳಗೆ ಐವತ್ತು ಜನ, ವರ್ಷಕ್ಕೆ 20 ಲಕ್ಷ ಡಾಲರ್ ಮೀರಿದ ವಹಿವಾಟು. ಏಜೆಂಟರು ಸುಮಾರು ಐದು ತಿಂಗಳು ಅವನ ಕಡೆಯವರ ಟೆಲಿಫೋನ್ ತಂತಿಗೆ ಇನ್ನೊಂದು ತಂತಿ ಸೇರಿಸಿ ಮಾತು ಕದ್ದು ಕೇಳಿದರು. ಅದರ ಟಿಪ್ಪಣಿ 775 ಬೆರಳಚ್ಚು ಪುಟವಾಯಿತು. ಹಾಗೆ ಕೇಳುವುದು ವಾಷಿಂಗ್ಟನ್ ರಾಜ್ಯದ ಕಾನೂನಿನಲ್ಲೇ ಅಪರಾಧ. ಆದರೂ 1928ರಲ್ಲಿ ಐವರು ನ್ಯಾಯಮೂರ್ತಿಗಳು ಒಂದು ಕಡೆ, ನಾಲ್ವರು ಇನ್ನೊಂದು ಕಡೆಯಾಗಿ ಸರ್ಕಾರ ಗೆದ್ದಿತು. ಮನೆಯೊಳಗೆ ಯಾರೂ ಕಾಲಿಟ್ಟಿಲ್ಲ, ಯಾವ ವಸ್ತುವನ್ನೂ ವಶಪಡಿಸಿಕೊಂಡಿಲ್ಲ, ಹಾಗಾಗಿ ಸಂವಿಧಾನದ ಉಲ್ಲಂಘನೆಯಿಲ್ಲ ಎಂದು ಬಹುಮತದ ತೀರ್ಪು ಬರೆದವರು ಅದೇ ಟಾಫ್ಟ್.

ಆ ನಾಲ್ವರಲ್ಲಿ ಒಬ್ಬರಾದ ಲೂಯಿಸ್ ಬ್ರಾಂಡೈಸ್ ಬರೆದ ಭಿನ್ನಮತ ಇಂದು ಬಹುಮತದ ತೀರ್ಪಿಗಿಂತ ಹೆಚ್ಚು ಓದಿಸಿಕೊಳ್ಳುತ್ತದೆ. ಖಾಸಗಿತನ ಗೋಡೆ ಬಾಗಿಲುಗಳಿಗೆ ಸೀಮಿತವಲ್ಲ, ಸರ್ಕಾರವೇ ಕಾನೂನು ಮುರಿದು ತಂದ ಪುರಾವೆಯನ್ನು ಕೋರ್ಟು ಮುಟ್ಟಬಾರದು ಎಂಬುದು ಅವರ ನಿಲುವು. 1967ರಲ್ಲಿ ಕ್ಯಾಟ್ಜ್ ಎಂಬವನ ಜೂಜಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹಳೆಯ ತೀರ್ಪನ್ನು ಕೈಬಿಟ್ಟಾಗ ಓಮ್‌ಸ್ಟೆಡ್ ಸೋತು ಸುಮಾರು ನಾಲ್ಕು ದಶಕಗಳೇ ಆಗಿದ್ದವು. ಈ ನಡುವೆ ಅವನು ನಾಲ್ಕು ವರ್ಷದ ಸಜೆಗೆ ಗುರಿಯಾದ. 1935ರ ಕ್ರಿಸ್‌ಮಸ್ ದಿನ ಅಧ್ಯಕ್ಷ ರೂಸ್‌ವೆಲ್ಟ್ ಕ್ಷಮಾದಾನ ಕೊಟ್ಟರು. ಸೋತ ಅಪೀಲಿನಿಂದಲೂ ಹೀಗೆ ಪ್ರಯೋಜನವಾಗುತ್ತದೆ ಎಂದು ಹೇಳಿ ಆಕ್ಷೇಪವನ್ನು ಮುಗಿಸಿಬಿಡುವುದು ಸುಲಭ. ಓಮ್‌ಸ್ಟೆಡ್‌ನಿಗೆ ಅದರಿಂದ ಏನೂ ಆಗಲಿಲ್ಲ ಎಂಬುದನ್ನು ಒಪ್ಪಲೇಬೇಕು. ನಾನು ಹೇಳುವುದು ಇಷ್ಟೇ: ಆತ ತಪ್ಪೊಪ್ಪಿಕೊಂಡು ಸುಮ್ಮನಾಗಿದ್ದರೆ ತಂತಿಗೆ ತಂತಿ ಸೇರಿಸಿದ ಸಂಗತಿ ಸಿಯಾಟಲ್‌ನ ಕಡತದಲ್ಲೇ ಕೊಳೆಯುತ್ತಿತ್ತು. ಸರ್ಕಾರ ಏನು ಮಾಡಿತು ಎಂಬುದು ದಾಖಲೆಯಾಗಿ, ಮುದ್ರಣವಾಗಿ, ವಾದಕ್ಕೆ ಸಿಕ್ಕಿದ್ದು ಅಪೀಲಿನಿಂದ.

ಎರಡನೆಯ ಆಕ್ಷೇಪಣೆ ನಮ್ಮ ಊರುಗಳದು, ಅದರಲ್ಲೂ ಹೆಣ್ಣುಮಕ್ಕಳದು. ದೂರುದಾರರಿಲ್ಲದ ಅಪರಾಧ ಎನ್ನುತ್ತೀರಲ್ಲ, ಕುಡಿದು ಬಂದವನ ಕೈಯಲ್ಲಿ ಹೊಡೆಸಿಕೊಂಡವಳು ಯಾರು? ಕೂಲಿ ದುಡ್ಡು ಗೂಡಂಗಡಿಯ ಸ್ಯಾಚೆಗೆ ಹೋದ ಮನೆಯಲ್ಲಿ ಒಲೆ ಹಚ್ಚಬೇಕಾದವಳು ಯಾರು? ಕರ್ನಾಟಕದಲ್ಲಿ 2007ರಲ್ಲಿ ಸಾರಾಯಿ ನಿಷೇಧವಾಯಿತು. ಆಮೇಲೂ ಹಳ್ಳಿಹಳ್ಳಿಯಲ್ಲಿ ಅಕ್ರಮ ಮದ್ಯ ನಿಲ್ಲಿಸಿ ಎಂದು ಬೀದಿಗಿಳಿದವರು ಹೆಂಗಸರೇ. ಅವರ ಸಂಕಟಕ್ಕೆ ‘ಆರೋಪಿಯ ಹಕ್ಕು’ ಎಂಬ ಉತ್ತರ ಅವಮಾನದಂತೆ ಕೇಳಿಸಿದರೆ ತಪ್ಪಿಲ್ಲ. ಆದರೆ ಅಬಕಾರಿ ಮೊಕದ್ದಮೆಯ ಕಡತವೊಂದನ್ನು ತೆರೆದು ನೋಡಿ. ಅದರಲ್ಲಿ ಆ ಹೆಣ್ಣುಮಗಳು ಎಲ್ಲೂ ಇಲ್ಲ. ದೂರುದಾರ ಇಲಾಖೆಯ ಅಧಿಕಾರಿ, ಸಾಕ್ಷಿಗಳು ಅವರ ಸಿಬ್ಬಂದಿ, ಉಳಿದವರು ಇಬ್ಬರು ಪಂಚರು. ಪಂಚರು ತಿರುಗಿಬಿದ್ದರೆ, ಮಾದರಿ ಪ್ರಯೋಗಾಲಯಕ್ಕೆ ತಡವಾಗಿ ಹೋದರೆ, ಮೊಹರಿನ ವಿವರ ಬಿಟ್ಟುಹೋಗಿದ್ದರೆ ಮೊಕದ್ದಮೆ ಬೀಳುತ್ತದೆ. ಇದನ್ನೇ ನಾವು ‘ತಾಂತ್ರಿಕ ಕಾರಣಕ್ಕೆ ಬಿಡುಗಡೆ’ ಎನ್ನುತ್ತೇವೆ. ಮೊಹರು ಹಾಕದ ಬಾಟಲಿಯಲ್ಲಿದ್ದದ್ದು ಮದ್ಯವೇ, ಅದು ಇವನದೇ ಎಂದು ತಿಳಿಯುವುದು ಹೇಗೆ? ಎದುರಾಳಿಯ ಅಂಗಡಿಗೆ ಬಾಟಲಿ ಇಡಿಸಿ ಹಿಡಿಸುವುದು ಅಸಾಧ್ಯವಾದ ಊರು ಯಾವುದಾದರೂ ಇದೆಯೇ? ಇಲಾಖೆ ಸರಿಯಾಗಿ ಕೆಲಸ ಮಾಡಿದ್ದರೆ ಆ ಹೆಣ್ಣುಮಗಳಿಗೂ ನ್ಯಾಯ ಸಿಗುತ್ತಿತ್ತು. ಅವಳಿಗೆ ಅನ್ಯಾಯ ಮಾಡಿದ್ದು ಅಪೀಲಲ್ಲ, ಅರೆಬರೆ ಮಹಜರು.

ಆರೋಪಿ ಗೆದ್ದ ಅಪೀಲಿನಿಂದ ಸರ್ಕಾರದ ಕೆಲಸವೂ ಸುಧಾರಿಸಬಲ್ಲದು ಎಂಬುದಕ್ಕೆ ಮುಂಬಯಿ ರಾಜ್ಯದ 1949ರ ಪಾನನಿಷೇಧ ಕಾಯ್ದೆ ಒಳ್ಳೆಯ ನಿದರ್ಶನ. 1956ರ ತನಕ ಆ ರಾಜ್ಯಕ್ಕೆ ಸೇರಿದ್ದ ಬೆಳಗಾವಿ, ಧಾರವಾಡ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳ ಕನ್ನಡಿಗರು ಬದುಕಿದ್ದೂ ಈ ಕಾಯ್ದೆಯ ಅಡಿಯಲ್ಲೇ. 1951ರಲ್ಲಿ ಬಾಲ್ಸಾರಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯ ಬಹುಭಾಗವನ್ನು ಒಪ್ಪಿತು. ಆದರೆ ಮದ್ಯಸಾರವಿರುವ ಔಷಧ ಮತ್ತು ಪ್ರಸಾಧನ ವಸ್ತುಗಳನ್ನು ನಿಷೇಧಕ್ಕೆ ಸೇರಿಸಿದ ಭಾಗವನ್ನು ಕಿತ್ತುಹಾಕಿತು. ಮೂರು ವರ್ಷದ ನಂತರ ಬೆಹ್ರಾಮ್ ಪೆಸಿಕಾಕ ಎಂಬ ಅಧಿಕಾರಿಯ ಅಪೀಲು ಬಂತು. ಇದು ಮಾರಿದ ಪ್ರಕರಣವಲ್ಲ, ಕುಡಿದ ಪ್ರಕರಣ. ಆತ ನಡೆಸುತ್ತಿದ್ದ ಜೀಪು ಜನರಿಗೆ ಬಡಿದಿತ್ತು, ಬಾಯಲ್ಲಿ ಮದ್ಯದ ವಾಸನೆಯಿತ್ತು. ತಾನು ಕುಡಿದದ್ದು ಮದ್ಯಸಾರವಿದ್ದ ಟಾನಿಕ್ ಎಂದು ಆತ ಹೇಳಿದ. ಔಷಧ ಕುಡಿಯುವುದು ಅಪರಾಧವಲ್ಲ ಎಂದು ಬಾಲ್ಸಾರಾ ತೀರ್ಪಿನಲ್ಲಿ ಆಗಲೇ ಸ್ಥಾಪಿತವಾಗಿತ್ತು. ಹಾಗಿರುವಾಗ ಕುಡಿದದ್ದು ನಿಷಿದ್ಧ ಮದ್ಯವೇ ಎಂದು ಸಾಬೀತು ಮಾಡುವ ಹೊಣೆ ಸರ್ಕಾರದ್ದು, ಬರೀ ವಾಸನೆ ಸಾಲದು ಎಂದು ಕೋರ್ಟು ಶಿಕ್ಷೆಯನ್ನು ತೆಗೆದುಹಾಕಿತು. ಟಾನಿಕ್ಕಿನ ಕತೆಯನ್ನು ಓದುಗರು ನಂಬಬೇಕಿಲ್ಲ. ಆಮೇಲೆ ಆದದ್ದನ್ನು ಗಮನಿಸಿದರೆ ಸಾಕು: ಶಾಸಕಾಂಗ ಕಾಯ್ದೆಯನ್ನು ತಿದ್ದಿತು. ರಕ್ತದಲ್ಲಿ ಮದ್ಯಸಾರ ಶೇ 0.05ಕ್ಕೆ ಕಡಿಮೆಯಿಲ್ಲದಂತೆ ಕಂಡುಬಂದರೆ, ಕುಡಿದದ್ದು ಔಷಧ ಎಂದು ತೋರಿಸುವ ಹೊಣೆ ಆರೋಪಿಯದು ಎಂದು ಬರೆಯಿತು. ಮೂಗಿನ ಅಂದಾಜಿನ ಜಾಗಕ್ಕೆ ರಕ್ತಪರೀಕ್ಷೆ ಬಂತು. ಒಬ್ಬ ಆರೋಪಿ ತಪ್ಪಿಸಿಕೊಂಡ, ನಿಜ. ಆದರೆ ಆಮೇಲಿನ ಮೊಕದ್ದಮೆಗಳಲ್ಲಿ ಸರ್ಕಾರದ ಕೈ ಮೊದಲಿಗಿಂತ ಗಟ್ಟಿಯಾಯಿತು.

ಮೂರನೆಯ ಆಕ್ಷೇಪಣೆಗೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಅಪೀಲು ದುಡ್ಡಿದ್ದವರ ಆಟ ಎಂಬುದು ಅದು. ಓಮ್‌ಸ್ಟೆಡ್‌ನಂಥವನಿಗೆ ಲಾಯರುಗಳ ಸಾಲೇ ಇರುತ್ತದೆ, ಎರಡು ಬಾಟಲಿ ಮಾರಿದವನಿಗೆ ಅಪೀಲಿಗೆ ಬೇಕಾದ ನಕಲು ಪ್ರತಿ ಪಡೆಯುವುದೂ ಖರ್ಚಿನ ಬಾಬ್ತೇ. ಅಮೆರಿಕದಲ್ಲಿ ಬಹುಪಾಲು ಮದ್ಯದ ಮೊಕದ್ದಮೆಗಳು ಅಪೀಲಿನ ತನಕ ಬರಲೇ ಇಲ್ಲ. ಕೋರ್ಟುಗಳು ಗಿಜಿಗುಡುತ್ತಿದ್ದಾಗ ಒಂದು ದಿನ ಗೊತ್ತುಮಾಡಿ, ತಪ್ಪೊಪ್ಪಿಕೊಂಡವರಿಗೆಲ್ಲ ಸಣ್ಣ ದಂಡ ಹಾಕಿ ಸಾಲಾಗಿ ಕಳಿಸುತ್ತಿದ್ದರು. ಜನ ಅದನ್ನು ‘ಅಗ್ಗದ ದಿನ’ ಎಂದೇ ಕರೆದರು. ಮಾರಾಟದ ಮೊದಲ ತಪ್ಪಿಗೆ ಆರು ತಿಂಗಳು ಅಥವಾ 1,000 ಡಾಲರ್ ದಂಡ ಇದ್ದದ್ದನ್ನು 1929ರ ಜೋನ್ಸ್ ಕಾಯ್ದೆ ಐದು ವರ್ಷ, 10,000 ಡಾಲರ್ ತನಕ ಏರಿಸಿದ ಮೇಲೆ ಒಪ್ಪಿಕೊಂಡು ಬಿಡುವ ಒತ್ತಡ ಇನ್ನೂ ಹೆಚ್ಚಿತು. ನಮ್ಮಲ್ಲೂ ತಪ್ಪೊಪ್ಪಿಕೊಂಡವನಿಗೆ ಶಿಕ್ಷೆಯ ಪ್ರಮಾಣ ಮತ್ತು ಅದರ ಕಾನೂನುಬದ್ಧತೆಯನ್ನು ಬಿಟ್ಟು ಬೇರೆ ವಿಷಯಕ್ಕೆ ಅಪೀಲಿಲ್ಲ. ತೀರಾ ಸಣ್ಣ ದಂಡಕ್ಕೂ ಅಪೀಲಿಲ್ಲ. ‘ಒಪ್ಪಿಕೊಂಡುಬಿಡು, ದಂಡ ಕಟ್ಟಿ ಮನೆಗೆ ಹೋಗು’ ಎಂದು ಕೋರ್ಟಿನ ಜಗಲಿಯಲ್ಲಿ ಹೇಳುವವರು ಈ ಮಾತನ್ನು ಅಪರೂಪಕ್ಕೆ ತಿಳಿಸುತ್ತಾರೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ಮೂಲಕ ಅರ್ಹರಿಗೆ ಅಪೀಲಿಗೂ ಉಚಿತ ವಕೀಲರು ಸಿಗುತ್ತಾರೆ. ಆದರೆ 30 ದಿನದೊಳಗೆ ಅದು ಗೊತ್ತಾಗಬೇಕಲ್ಲ.

ಬಿಹಾರದಲ್ಲಿ 2016ರಲ್ಲಿ ಪಾನನಿಷೇಧ ಬಂದ ಮೇಲೆ ಆದದ್ದು ಈ ಅಸಮತೆಯನ್ನು ದೊಡ್ಡದಾಗಿ ತೋರಿಸಿತು. ಅಲ್ಲಿನ ಕಾಯ್ದೆಯಲ್ಲಿ ಮದ್ಯ ಸಿಕ್ಕವನೇ ತಾನು ತಪ್ಪು ಮಾಡಿಲ್ಲ ಎಂದು ತೋರಿಸಬೇಕು. ಬಂಧನಗಳ ಭಾರಕ್ಕೆ ಪಟ್ನಾ ಹೈಕೋರ್ಟು ಜಾಮೀನು ಅರ್ಜಿಗಳಿಂದ ಕಟ್ಟಿಕೊಂಡಿತು. ಸರಳ ಜಾಮೀನು ಅರ್ಜಿಯೂ ಒಂದು ವರ್ಷ ಹಿಡಿಯುತ್ತಿದೆ, ದೂರದೃಷ್ಟಿಯಿಲ್ಲದ ಶಾಸನಕ್ಕೆ ಇದು ಉದಾಹರಣೆ ಎಂದು ಭಾರತದ ಆಗಿನ ಮುಖ್ಯ ನ್ಯಾಯಮೂರ್ತಿ ಎನ್.ವಿ. ರಮಣ 2021ರ ಡಿಸೆಂಬರ್‌ನಲ್ಲಿ ವಿಜಯವಾಡದಲ್ಲಿ ಬಹಿರಂಗವಾಗಿಯೇ ಹೇಳಿದರು. ಜಾಮೀನಿಗೇ ವರ್ಷವಾದರೆ ಅಪೀಲಿನ ಮಾತು ಯಾರು ಆಡುತ್ತಾರೆ? 2024ರಲ್ಲಿ ಅದೇ ಹೈಕೋರ್ಟು ಇನ್ನೂ ಖಾರವಾಗಿ, ಪೊಲೀಸ್, ಅಬಕಾರಿ, ತೆರಿಗೆ, ಸಾರಿಗೆ ಇಲಾಖೆಗಳ ಅಧಿಕಾರಿಗಳಿಗೆ ಈ ನಿಷೇಧ ಪ್ರಿಯವಾಗಿದೆ, ಅದರಲ್ಲಿ ದೊಡ್ಡ ಹಣವಿದೆ ಎಂದಿತು. ನಾರ್ತ್ ಕಾಲೇಜ್ ಹಿಲ್‌ನಲ್ಲಿ ಹಣಕ್ಕೆ ರಸೀದಿಯಾದರೂ ಇತ್ತು.

ಅಪೀಲು ಹಾಕಿದವನಿಗೂ ಹಾಕದೆ ಬಿಟ್ಟವನಿಗೂ ಎಷ್ಟು ವ್ಯತ್ಯಾಸ ಎಂಬುದು ಅಮೆರಿಕದಲ್ಲಿ ಪಾನನಿಷೇಧ ಕೊನೆಗೊಂಡಾಗ ವಿಚಿತ್ರವಾಗಿ ಬಯಲಾಯಿತು. 1933ರ ಡಿಸೆಂಬರ್ 5ರಂದು ಸಂವಿಧಾನದ 21ನೇ ತಿದ್ದುಪಡಿ ಅಂಗೀಕಾರವಾಗಿ ನಿಷೇಧ ಬಿದ್ದುಹೋಯಿತು. ನಾರ್ತ್ ಕೆರೊಲಿನಾದಲ್ಲಿ ಚೇಂಬರ್ಸ್ ಎಂಬವನ ಮೇಲಿನ ಮೊಕದ್ದಮೆ ಮಾರನೆಯ ದಿನವೇ ಕೋರ್ಟಿನ ಮುಂದೆ ಬಂತು. ಅಪರಾಧ ನಡೆದಾಗ ಕಾನೂನು ಇತ್ತಲ್ಲ, ಶಿಕ್ಷೆ ಆಗಲಿ ಎಂದು ಸರ್ಕಾರ ಪಟ್ಟುಹಿಡಿಯಿತು. 1934ರ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟು ಒಪ್ಪಲಿಲ್ಲ: ಕಾಯ್ದೆಗೆ ಆಧಾರವಾಗಿದ್ದ ಸಂವಿಧಾನದ ಅಧಿಕಾರವೇ ಜನರ ತೀರ್ಮಾನದಿಂದ ಹೋದ ಮೇಲೆ ಬಾಕಿಯಿರುವ ಮೊಕದ್ದಮೆಯನ್ನು ಮುಂದುವರಿಸಲು ಅಧಿಕಾರವಿಲ್ಲ. ಅಪೀಲಿನಲ್ಲಿದ್ದ ಮೊಕದ್ದಮೆಯೂ ಈ ಲೆಕ್ಕದಲ್ಲಿ ಬಾಕಿಯೇ. ಆದರೆ ತಿದ್ದುಪಡಿಗೆ ಮೊದಲೇ ಅಂತಿಮವಾಗಿದ್ದ ಶಿಕ್ಷೆಗಳ ಪ್ರಶ್ನೆಯೇ ಬೇರೆ ಎಂದು ಅದೇ ತೀರ್ಪು ಬಿಡಿಸಿ ಹೇಳಿತು. ಒಂದೇ ಬಗೆಯ ಮದ್ಯ, ಒಂದೇ ಬಗೆಯ ಮಾರಾಟ ಇದ್ದರೂ ಸರಿಯೇ, ಕಡತ ಇನ್ನೂ ಮೇಲಿನ ಕೋರ್ಟಿನಲ್ಲಿದ್ದವನ ಮೇಲಿನ ಮೊಕದ್ದಮೆ ಕರಗಿಹೋಯಿತು. ಒಪ್ಪಿಕೊಂಡೋ, ದುಡ್ಡಿಲ್ಲದೆಯೋ, ಗಡುವು ಮೀರಿಯೋ ಸುಮ್ಮನಾಗಿದ್ದವನು ಜೈಲಿನಲ್ಲಿ ಉಳಿದ ದಿನಗಳನ್ನು ಕಳೆಯಬೇಕಾಯಿತು, ಇಲ್ಲವೇ ಅಧ್ಯಕ್ಷರ ಕ್ಷಮಾದಾನಕ್ಕೆ ಅರ್ಜಿ ಬರೆಯಬೇಕಾಯಿತು.